ಪ್ರಶಸ್ತಿ ಬಂತು, ಸಿನಿಮಾ ಎಲ್ಲಿ ನೋಡೋದು?

2025ರ ಆಗಸ್ಟ್ 1ರ ಸಂಜೆ. ದಿಲ್ಲಿಯಲ್ಲಿ 71ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಪಟ್ಟಿ ಹೊರಬಿದ್ದು ಸ್ವಲ್ಪ ಹೊತ್ತಾಗಿತ್ತು ಅಷ್ಟೆ, ಊರಿನಿಂದ ಅತ್ತೆಯ ಫೋನ್ ಬಂತು. ಟಿವಿ ಪರದೆಯ ಕೆಳಗೆ ಓಡುವ ಸಾಲಿನಲ್ಲಿ ಅವರು ಒಂದು ಹೆಸರು ಓದಿದ್ದರು. “ಕನ್ನಡದಲ್ಲಿ ‘ಕಂದೀಲು’ ಅಂತ ಒಂದಕ್ಕೆ ಬಂದಿದೆಯಂತೆ. ಹೆಸರು ಚೆಂದ ಉಂಟು ಮಾರಾಯ. ಎಲ್ಲಿ ನೋಡ್ಲಿಕ್ಕೆ ಸಿಗ್ತದೆ?”

“ಹುಡುಕಿ ಹೇಳ್ತೀನಿ ಅತ್ತೆ” ಅಂದೆ. ಟಿಕೆಟ್ ಬುಕ್ ಮಾಡುವ ಆ್ಯಪ್ ತೆರೆದೆ. ಫೋನಿನಲ್ಲಿದ್ದ ಒಟಿಟಿಗಳಲ್ಲಿ ಒಂದೊಂದಾಗಿ ಹೆಸರು ಹಾಕಿ ನೋಡಿದೆ. ಆ ಸಂಜೆ ನನಗೆ ಅದು ಎಲ್ಲೂ ಸಿಗಲಿಲ್ಲ. ಯಶೋದಾ ಪ್ರಕಾಶ್ ನಿರ್ದೇಶಿಸಿದ ಈ ಚಿತ್ರ 2023ರ ಅತ್ಯುತ್ತಮ ಕನ್ನಡ ಚಿತ್ರ ಅಂತ ದೇಶದ ಸರ್ಕಾರವೇ ಹೇಳಿದೆ. ಅಂಥ ಚಿತ್ರವನ್ನು ನೋಡಬೇಕು ಅಂತ ಆಸೆಪಟ್ಟ ಅರವತ್ತೆಂಟು ವರ್ಷದ ಹೆಂಗಸಿಗೆ ದಾರಿ ತೋರಿಸೋಕೆ ನನ್ನಿಂದ ಆಗಲಿಲ್ಲ. ಈ ಪ್ರಶಸ್ತಿಗಳ ಬಗ್ಗೆ ಪ್ರತಿ ವರ್ಷ ನಡೆಯುವ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ ಪ್ರಶ್ನೆ. ಯಾರಿಗೆ ಕೊಟ್ಟರು, ಯಾರಿಗೆ ಕೊಡಲಿಲ್ಲ ಅನ್ನುವುದೆಲ್ಲ ಆಮೇಲೆ.

ಮೊದಲು ಆಯ್ಕೆ ಹೇಗೆ ನಡೆಯುತ್ತದೆ ನೋಡೋಣ. ಜನವರಿ 1ರಿಂದ ಡಿಸೆಂಬರ್ 31ರ ಒಳಗೆ ಸೆನ್ಸಾರ್ ಸರ್ಟಿಫಿಕೇಟ್ ಪಡೆದ ಸಿನಿಮಾಗಳು ಆ ವರ್ಷದ ಲೆಕ್ಕಕ್ಕೆ ಬರುತ್ತವೆ. ತಾನಾಗಿಯೇ ಯಾವ ಸಿನಿಮಾವೂ ಸ್ಪರ್ಧೆಗೆ ಹೋಗುವುದಿಲ್ಲ. ಚಿತ್ರ ಮಾಡಿದವರೇ ಅರ್ಜಿ ಹಾಕಬೇಕು, ಇಂಗ್ಲಿಷ್ ಸಬ್‌ಟೈಟಲ್ ಇರುವ ಪ್ರತಿ ಕಳಿಸಬೇಕು. ಉತ್ತರ, ಪೂರ್ವ, ಪಶ್ಚಿಮಕ್ಕೆ ಒಂದೊಂದು ಮತ್ತು ದಕ್ಷಿಣಕ್ಕೆ ಎರಡು, ಹೀಗೆ ಐದು ಪ್ರಾದೇಶಿಕ ಸಮಿತಿಗಳಿವೆ. ಅವು ಸೋಸಿ ಕೊಟ್ಟ ಸಿನಿಮಾಗಳನ್ನು ಕೇಂದ್ರ ಸಮಿತಿ ನೋಡಿ ತೀರ್ಮಾನ ಮಾಡುತ್ತದೆ. ಕಥಾಚಿತ್ರ, ಕಥೇತರ ಚಿತ್ರ, ಸಿನಿಮಾ ಬರವಣಿಗೆ, ಮೂರಕ್ಕೂ ಬೇರೆ ಬೇರೆ ಸಮಿತಿ. 71ನೇ ಸಾಲಿನಲ್ಲಿ ಕಥಾಚಿತ್ರ ಸಮಿತಿಗೆ ಅಶುತೋಷ್ ಗೋವಾರಿಕರ್ ಅಧ್ಯಕ್ಷರು. ಕಥೇತರ ಚಿತ್ರಗಳಿಗೆ ನಮ್ಮ ಪಿ. ಶೇಷಾದ್ರಿ, ಬರವಣಿಗೆಗೆ ನಮ್ಮ ಗೋಪಾಲಕೃಷ್ಣ ಪೈ. ಮೂರರಲ್ಲಿ ಎರಡು ಕುರ್ಚಿ ಕನ್ನಡಿಗರದ್ದು ಅನ್ನುವುದು ಎಷ್ಟು ಜನರ ಗಮನಕ್ಕೆ ಬಂತೋ!

ಸರ್ಟಿಫಿಕೇಟ್ ಸಾಕು ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಿನಿಮಾ ಥಿಯೇಟರಿಗೆ ಬಂದಿತ್ತೋ ಇಲ್ವೋ ಅಂತ ಸಮಿತಿ ಕೇಳುವುದಿಲ್ಲ. ಒಂದೇ ಒಂದು ಶೋ ಕಾಣದ ಚಿತ್ರವೂ ಗೆಲ್ಲಬಹುದು. ಇದು ಒಳ್ಳೆಯ ನಿಯಮ ಅಂತಲೇ ನನ್ನ ಅಭಿಪ್ರಾಯ. ಹತ್ತಿಪ್ಪತ್ತು ಜನ ಸೇರಿ, ಕೈಯಲ್ಲಿದ್ದ ದುಡ್ಡೆಲ್ಲ ಸುರಿದು ಒಂದು ಸಿನಿಮಾ ಮಾಡುತ್ತಾರೆ. ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ಒಳ್ಳೆಯ ಸಮಯದ ಶೋ ಹಿಡಿಯುವ ತಾಕತ್ತು ಅವರಿಗೆ ಇರುವುದಿಲ್ಲ. ಬೆಳಗ್ಗೆ ಹತ್ತು ಗಂಟೆಗೆ ಒಂದು ಶೋ ಸಿಕ್ಕಿದರೂ ಸೋಮವಾರಕ್ಕೆ ಎತ್ತಂಗಡಿ. ಬಿಡುಗಡೆ ಆಗಲೇಬೇಕು ಅಂತ ನಿಯಮ ಮಾಡಿದರೆ ಇಂಥ ಸಿನಿಮಾಗಳು ಬಾಗಿಲಲ್ಲೇ ನಿಲ್ಲುತ್ತವೆ. ಆದರೆ ಇದೇ ನಿಯಮದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಜನ ನೋಡದ ಸಿನಿಮಾಗೆ ಪ್ರಶಸ್ತಿ ಕೊಡಬಹುದು ಅಂದ ಮೇಲೆ, ಕೊಟ್ಟ ನಂತರವಾದರೂ ಜನಕ್ಕೆ ತೋರಿಸುವ ಹೊಣೆ ಯಾರದ್ದು? ಅದನ್ನು ಯಾರೂ ಹೊತ್ತುಕೊಂಡಿಲ್ಲ.

ಕನ್ನಡಕ್ಕೆ ಈ ಪ್ರಶಸ್ತಿ ಏನು ಮಾಡಿತು

ಈ ಪ್ರಶಸ್ತಿಗಳು ಶುರುವಾಗಿದ್ದು 1954ರಲ್ಲಿ. ಮೊದಲ ಸಲ ಚಿನ್ನದ ಪದಕ ಹೋಗಿದ್ದು ‘ಶ್ಯಾಮಚಿ ಆಯಿ’ ಅನ್ನುವ ಮರಾಠಿ ಚಿತ್ರಕ್ಕೆ. ಶುರುವಿನ ವರ್ಷಗಳಲ್ಲಿ ಗೌರವ ಇದ್ದದ್ದು ಸಿನಿಮಾಕ್ಕೆ ಮಾತ್ರ, ನಟ ನಟಿಯರಿಗಲ್ಲ. 1967ರ ಚಿತ್ರಗಳಿಂದ ಈಚೆಗೆ ನಟರನ್ನೂ ಗುರುತಿಸಲು ತೊಡಗಿದರು.

ಕನ್ನಡದ ಮಟ್ಟಿಗೆ 1970ರ ‘ಸಂಸ್ಕಾರ’ ದೊಡ್ಡ ತಿರುವು. ಮೊದಲು ಸೆನ್ಸಾರ್ ಮಂಡಳಿಯೇ ಬೇಡ ಅಂದಿದ್ದ ಚಿತ್ರ ಅದು. ಆಮೇಲೆ ಅನುಮತಿ ಸಿಕ್ಕಿತು, ದೇಶದ ಅತ್ಯುತ್ತಮ ಚಿತ್ರ ಅನ್ನಿಸಿಕೊಂಡಿತು. ನಂತರ ಸಾಲಾಗಿ ಬಂದವು: 1975ರ ‘ಚೋಮನ ದುಡಿ’, 1977ರ ‘ಘಟಶ್ರಾದ್ಧ’, 1986ರ ‘ತಬರನ ಕಥೆ’, 1997ರ ‘ತಾಯಿ ಸಾಹೇಬ’, 2001ರ ‘ದ್ವೀಪ’. ಒಟ್ಟು ಆರು. ಇದರಲ್ಲಿ ಕೊನೆಯ ನಾಲ್ಕೂ ಗಿರೀಶ ಕಾಸರವಳ್ಳಿ ಅವರವು. ‘ದ್ವೀಪ’ದ ನಂತರ ಇಲ್ಲಿಯವರೆಗೆ ಯಾವ ಕನ್ನಡ ಕಥಾಚಿತ್ರಕ್ಕೂ ದೇಶದ ಅತ್ಯುತ್ತಮ ಚಿತ್ರದ ಸ್ವರ್ಣ ಕಮಲ ಬಂದಿಲ್ಲ. 2011ರಲ್ಲಿ ನಮ್ಮ ಕರಾವಳಿಯ ಬ್ಯಾರಿ ಭಾಷೆಯ ‘ಬ್ಯಾರಿ’ ಚಿತ್ರ ಮರಾಠಿಯ ‘ದೇವುಳ್’ ಜೊತೆ ಅದನ್ನು ಹಂಚಿಕೊಂಡಿತು. ಕನ್ನಡಕ್ಕೆ ಮಾತ್ರ ಎರಡು ದಶಕ ದಾಟಿತು.

ನಟನೆಯ ಪಟ್ಟಿ ನೋಡಿ. ‘ಚೋಮನ ದುಡಿ’ಗೆ ಎಂ.ವಿ. ವಾಸುದೇವ ರಾವ್, ‘ತಬರನ ಕಥೆ’ಗೆ ಚಾರುಹಾಸನ್, 2014ರ ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ಸಂಚಾರಿ ವಿಜಯ್, 2022ರ ‘ಕಾಂತಾರ’ಕ್ಕೆ ರಿಷಬ್ ಶೆಟ್ಟಿ. ನಟಿಯರಲ್ಲಿ ನಂದಿನಿ ಭಕ್ತವತ್ಸಲ, ತಾರಾ, ಉಮಾಶ್ರೀ. ಡಾ. ರಾಜ್‌ಕುಮಾರ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಒಮ್ಮೆಯೂ ಬರಲಿಲ್ಲ. 1992ರ ‘ಜೀವನ ಚೈತ್ರ’ದ ಹಾಡಿಗೆ ಅತ್ಯುತ್ತಮ ಗಾಯಕ ಪ್ರಶಸ್ತಿ ಬಂತು, 1995ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು. ನಟಸಾರ್ವಭೌಮರನ್ನು ದಿಲ್ಲಿ ಗಾಯಕ ಅಂತ ಗುರುತಿಸಿತು, ನಟ ಅಂತ ಗುರುತಿಸಲಿಲ್ಲ ಅನ್ನುವುದು ನನಗೆ ಈಗಲೂ ನೋವಿನ ವಿಷಯ.

ಚಾರುಹಾಸನ್ ಹೆಸರು ಬಂತಲ್ಲ, ಒಂದು ನೆನಪು ಹೇಳಿಬಿಡುತ್ತೇನೆ. ದೂರದರ್ಶನದಲ್ಲಿ ಆಗ ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಯ ಸಿನಿಮಾ ಹಾಕುತ್ತಿದ್ದರು. ಪ್ರಶಸ್ತಿ ಪಡೆದ ಸಿನಿಮಾಗಳೇ ಜಾಸ್ತಿ. ಕೆಳಗೆ ಸಬ್‌ಟೈಟಲ್ ಬರುತ್ತಿತ್ತು. ಅತ್ತೆ ಮನೆಯಲ್ಲಿ ಕಪ್ಪು ಬಿಳುಪು ಟಿವಿ. ಊಟ ಮುಗಿಸಿದ ಅಕ್ಕಪಕ್ಕದವರೆಲ್ಲ ಜಗಲಿಯಲ್ಲಿ ಬಂದು ಕೂರುತ್ತಿದ್ದರು. ಬಂಗಾಳಿ ಇರಲಿ, ಮಲಯಾಳಂ ಇರಲಿ, ಅರ್ಥ ಆದಷ್ಟು ಆಯ್ತು ಅಂತ ನೋಡುವುದು. ಅಲ್ಲೇ ನಾನು ‘ತಬರನ ಕಥೆ’ ನೋಡಿದ್ದು. ಪಿಂಚಣಿಗಾಗಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುವ ತಬರ. ಮನೆಯಲ್ಲಿ ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆಯುತ್ತಿರುವ ಹೆಂಡತಿ. ಕೊನೆಗೆ ಆತ ಕಟುಕನ ಹತ್ತಿರ ಹೋಗಿ, ನನ್ನ ಹೆಂಡತಿಯ ಕಾಲು ಕತ್ತರಿಸಿ ಕೊಡ್ತೀಯಾ ಅಂತ ಕೇಳುತ್ತಾನೆ. ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ಸರ್ಕಾರಿ ಕೆಲಸದಲ್ಲಿದ್ದ ಪಕ್ಕದ ಮನೆಯ ಮಾಮ ಸುಮ್ಮನೆ ಎದ್ದು ಅಂಗಳಕ್ಕೆ ಹೋದರು.

ಆ ಜಗಲಿಯಲ್ಲಿದ್ದ ಯಾರಿಗೂ ಸ್ವರ್ಣ ಕಮಲ ಅಂದರೆ ಏನು ಅಂತ ಗೊತ್ತಿರಲಿಲ್ಲ. ಆದರೆ ಆ ಪ್ರಶಸ್ತಿಯ ಕಾರಣಕ್ಕೇ ಆ ಸಿನಿಮಾ ಅಲ್ಲಿಯವರೆಗೆ ಬಂದಿತ್ತು. ದಿಲ್ಲಿಯ ಆ ಪ್ರಶಸ್ತಿ ಸಮಾರಂಭಕ್ಕೂ ಮಲೆನಾಡಿನ ಒಂದು ಜಗಲಿಗೂ ನಡುವೆ ಒಂದು ತಂತಿ ಇತ್ತು. ಖಾಸಗಿ ಚಾನೆಲ್‌ಗಳು ಬಂದ ಮೇಲೆ ಜನ ಅತ್ತ ಹೊರಳಿದರು, ಭಾನುವಾರದ ಆ ಹೊತ್ತು ಮಾಯವಾಯಿತು. ಅದರ ಜಾಗಕ್ಕೆ ಬೇರೇನೂ ಬರಲಿಲ್ಲ.

ಸಣ್ಣ ಸಿನಿಮಾ, ದೊಡ್ಡ ಸಿನಿಮಾ

ಅತ್ಯುತ್ತಮ ಕನ್ನಡ ಚಿತ್ರ ಅಂತ ಕೊಡುವ ರಜತ ಕಮಲದ ಈಚಿನ ಪಟ್ಟಿ ಕುತೂಹಲ ಹುಟ್ಟಿಸುತ್ತದೆ. 2018ರ ಸಾಲಿಗೆ ‘ನಾತಿಚರಾಮಿ’. 2019ಕ್ಕೆ ‘ಅಕ್ಷಿ’. 2020ಕ್ಕೆ ‘ಡೊಳ್ಳು’. 2021ಕ್ಕೆ ‘777 ಚಾರ್ಲಿ’. 2022ಕ್ಕೆ ‘ಕೆಜಿಎಫ್ ಚಾಪ್ಟರ್ 2’. 2023ಕ್ಕೆ ‘ಕಂದೀಲು’. ನಡುವಿನ ಎರಡು ವರ್ಷ ಜನ ಮುಗಿಬಿದ್ದು ನೋಡಿದ ಚಿತ್ರಗಳು, ಆಮೇಲೆ ಮತ್ತೆ ಸಣ್ಣ ಚಿತ್ರ.

ಜನ ಮೆಚ್ಚಿದ ಸಿನಿಮಾ ಕೀಳು ಅಂತ ನಾನು ಖಂಡಿತ ಹೇಳುವುದಿಲ್ಲ. ‘ಕಾಂತಾರ’ದ ಕೊನೆಯ ಭಾಗದಲ್ಲಿ ರಿಷಬ್ ಮಾಡಿದ್ದು ಯಾವ ಪ್ರಶಸ್ತಿಗೂ ತೂಕದ ಕೆಲಸವೇ. ಆದರೆ ಜನಪ್ರಿಯ ಚಿತ್ರಕ್ಕೆ ಬೇರೆಯೇ ಒಂದು ವಿಭಾಗ ಇದೆ. 2022ರಲ್ಲಿ ಅದು ಸಿಕ್ಕಿದ್ದೂ ‘ಕಾಂತಾರ’ಕ್ಕೇ. ಹಾಗಿರುವಾಗ ಭಾಷೆಗೊಂದು ಕೊಡುವ ಪ್ರಶಸ್ತಿ ಸಾಧ್ಯವಾದಷ್ಟು ಮಾರುಕಟ್ಟೆಯ ಬೆಂಬಲ ಇಲ್ಲದ ಒಳ್ಳೆಯ ಚಿತ್ರಕ್ಕೆ ಹೋಗಬೇಕು ಅನ್ನುವುದು ನನ್ನ ವಾದ. ‘ಕೆಜಿಎಫ್’ ಪೋಸ್ಟರ್ ಮೇಲೆ ಆ ಕಮಲದ ಚಿಹ್ನೆ ಬಂದರೂ ಒಂದು ಟಿಕೆಟ್ ಜಾಸ್ತಿ ಮಾರಾಟ ಆಗುವುದಿಲ್ಲ. ‘ಕಂದೀಲು’ವಿನಂಥ ಚಿತ್ರಕ್ಕೆ ಅದೇ ಚಿಹ್ನೆ ಹೆಚ್ಚುಕಡಿಮೆ ಏಕೈಕ ಬಂಡವಾಳ.

ದುಡ್ಡಿನ ಲೆಕ್ಕವೂ ಗೊತ್ತಿರಲಿ. 70ನೇ ಸಾಲಿನಿಂದ ಮೊತ್ತ ಏರಿಸಿದ್ದಾರೆ. ಸ್ವರ್ಣ ಕಮಲದ ಜೊತೆ 3 ಲಕ್ಷ ರೂಪಾಯಿ, ರಜತ ಕಮಲದ ಜೊತೆ 2 ಲಕ್ಷ, ಫಾಲ್ಕೆ ಪ್ರಶಸ್ತಿಗೆ 15 ಲಕ್ಷ. ಅತ್ಯುತ್ತಮ ಭಾಷಾ ಚಿತ್ರಕ್ಕೆ ನಿರ್ಮಾಪಕರಿಗೂ ನಿರ್ದೇಶಕರಿಗೂ ತಲಾ 2 ಲಕ್ಷ ಸಿಗುತ್ತದೆ. ಗೌರವಕ್ಕೆ ಬೆಲೆ ಕಟ್ಟೋಕೆ ಆಗಲ್ಲ, ನಿಜ. ಆದರೆ ಸಾಲ ಮಾಡಿ ಸಿನಿಮಾ ತೆಗೆದವರಿಗೆ ಈ ದುಡ್ಡು ಬಡ್ಡಿಗೂ ಸಾಲುವುದಿಲ್ಲ. ಅವರಿಗೆ ಬೇಕಾಗಿರುವುದು ನೋಡುವವರು.

‘ಡೊಳ್ಳು’ ಚಿತ್ರದ ಶಬ್ದ

ಸಾಗರ್ ಪುರಾಣಿಕ್ ನಿರ್ದೇಶನದ ‘ಡೊಳ್ಳು’ ವಿಷಯದಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 2022ರ ಜುಲೈ 22ರಂದು ಅದಕ್ಕೆ ಎರಡು ಪ್ರಶಸ್ತಿ ಘೋಷಣೆಯಾದವು. ಒಂದು ಅತ್ಯುತ್ತಮ ಕನ್ನಡ ಚಿತ್ರ. ಇನ್ನೊಂದು ಸ್ಥಳದಲ್ಲೇ ಶಬ್ದ ಮುದ್ರಿಸಿದ್ದಕ್ಕೆ. ಎರಡನೆಯದು ಸಿಂಕ್ ಸೌಂಡ್ ಚಿತ್ರಗಳಿಗೆ ಮಾತ್ರ ಮೀಸಲಾಗಿದ್ದ ಪ್ರಶಸ್ತಿ.

ಸಿಂಕ್ ಸೌಂಡ್ ಅಂದರೆ, ಶೂಟಿಂಗ್ ಹೊತ್ತಲ್ಲಿ ನಟರು ಆಡಿದ ಮಾತು, ಸುತ್ತಲಿನ ಸದ್ದು ಎಲ್ಲವನ್ನೂ ಅಲ್ಲೇ ಹಿಡಿದು ಸಿನಿಮಾದಲ್ಲಿ ಬಳಸುವುದು. ದೂರದಲ್ಲಿ ನಾಯಿ ಬೊಗಳಿದರೂ ಶಾಟ್ ಕೆಡುತ್ತದೆ. ಡಬ್ಬಿಂಗ್‌ನಲ್ಲಿ ಹಾಗಲ್ಲ. ಶೂಟಿಂಗ್ ಮುಗಿದ ಮೇಲೆ ಸ್ಟುಡಿಯೋದಲ್ಲಿ ಪರದೆ ನೋಡಿಕೊಂಡು ತುಟಿಗೆ ಮಾತು ಕೂರಿಸುತ್ತಾರೆ. ಎರಡೂ ಬೇರೆ ಬೇರೆ ಕಲೆ, ಎರಡಕ್ಕೂ ಬೇರೆ ಬೇರೆ ಕಷ್ಟ.

ಘೋಷಣೆಯಾದ ಕೂಡಲೇ ಚಿತ್ರದ ಶಬ್ದ ವಿನ್ಯಾಸಕ ನಿತಿನ್ ಲೂಕೋಸ್ ಅವರೇ ಟ್ವಿಟರ್‌ನಲ್ಲಿ ಬರೆದರು: ಇದು ಸಿಂಕ್ ಸೌಂಡ್ ಚಿತ್ರವೇ ಅಲ್ಲ, ಡಬ್ಬಿಂಗ್ ಮಾಡಿದ ಚಿತ್ರ. ಆಸ್ಕರ್ ಗೆದ್ದ ರಸೂಲ್ ಪೂಕುಟ್ಟಿ ಕೂಡ ಅದೇ ಮಾತನ್ನು ಎತ್ತಿದರು. ಯಾರ ಪ್ರಾಮಾಣಿಕತೆಯನ್ನೂ ನಾನು ಇಲ್ಲಿ ಪ್ರಶ್ನೆ ಮಾಡುತ್ತಿಲ್ಲ. ನನಗೆ ಕಾಡುವ ವಿಷಯ ಬೇರೆ. ಇಷ್ಟು ಸರಳವಾದ ಒಂದು ಸಂಗತಿ ಘೋಷಣೆಗೆ ಮೊದಲು ಯಾರಿಗೂ ಗೊತ್ತಾಗಲಿಲ್ಲ. ಚಿತ್ರತಂಡಕ್ಕೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ತಪ್ಪು ಹೊರಗೆ ಬಂದಿದ್ದು ಆ ಕೆಲಸ ಮಾಡಿದವರೇ ಬಾಯಿಬಿಟ್ಟ ಮೇಲೆ.

70ನೇ ಸಾಲಿಗೆ ನಿಯಮ ಬದಲಿಸಿದಾಗ ಶಬ್ದದ ಮೂರು ಉಪವಿಭಾಗಗಳನ್ನು ಒಂದು ಮಾಡಿ, ಅತ್ಯುತ್ತಮ ಶಬ್ದ ವಿನ್ಯಾಸ ಅಂತ ಒಂದೇ ಪ್ರಶಸ್ತಿ ಇಟ್ಟರು. ಬಿಸಿಲಲ್ಲಿ ಉದ್ದ ಕೋಲಿಗೆ ಮೈಕ್ ಕಟ್ಟಿ ಹಿಡಿದು ನಿಲ್ಲುವವರ ಕೆಲಸಕ್ಕೆ ಪ್ರತ್ಯೇಕ ಗುರುತೇ ಹೋಯಿತು. ಇದು ನನಗೆ ಸರಿ ಕಾಣಲಿಲ್ಲ. ಅದೇ ಸಲ ಇಂದಿರಾ ಗಾಂಧಿ, ನರ್ಗೀಸ್ ದತ್ ಹೆಸರುಗಳನ್ನೂ ಪ್ರಶಸ್ತಿಗಳಿಂದ ಕೈಬಿಟ್ಟರು. ಸುದ್ದಿಯೆಲ್ಲ ಅದರ ಬಗ್ಗೆಯೇ ಆಯಿತು. ಶಬ್ದದ ವಿಷಯ ಹೆಚ್ಚು ಜನ ಮಾತಾಡಲಿಲ್ಲ.

2025ರ ಪ್ರಶಸ್ತಿಗಳ ಮೇಲೂ ಜಗಳ ಎದ್ದಿತು. ‘ದಿ ಕೇರಳ ಸ್ಟೋರಿ’ಯ ನಿರ್ದೇಶಕರಿಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಕೊಟ್ಟಿದ್ದನ್ನು ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಖಂಡಿಸಿದರು. ಪೋಷಕ ನಟಿ ಪ್ರಶಸ್ತಿ ಪಡೆದ ಮಲಯಾಳಂ ನಟಿ ಊರ್ವಶಿ, ‘ಉಳ್ಳೊಳುಕ್ಕು’ ಚಿತ್ರದಲ್ಲಿ ತಮ್ಮದು ಮುಖ್ಯ ಪಾತ್ರವೋ ಪೋಷಕ ಪಾತ್ರವೋ ಅಂತ ಯಾವ ಅಳತೆಯಲ್ಲಿ ತೀರ್ಮಾನ ಮಾಡಿದಿರಿ ಅಂತ ಬಹಿರಂಗವಾಗಿ ಕೇಳಿದರು. ನ್ಯಾಯವಾದ ಪ್ರಶ್ನೆ. ಸಮಿತಿಯ ಒಳಗಿನ ಚರ್ಚೆ ಹೊರಗೆ ಬರುವುದಿಲ್ಲ. ಹಾಗಾಗಿ ಉತ್ತರ ಊಹೆಯಲ್ಲೇ ಉಳಿಯುತ್ತದೆ.

ಆದರೆ ಒಂದು ವಿಷಯ ಗಮನಿಸಿ. ಆ ಎರಡೂ ಸಿನಿಮಾವನ್ನು ಜನ ನೋಡಿದ್ದರು. ಅದಕ್ಕೇ ಜಗಳ ಆಡೋಕೆ ಆಯ್ತು, ಅಲ್ವಾ? ಈ ಪಾತ್ರ ದೊಡ್ಡದು, ಆ ಚಿತ್ರ ಅದಕ್ಕೆ ಲಾಯಕ್ಕಲ್ಲ ಅಂತ ವಾದ ಮಾಡೋಕೆ ಮೊದಲು ಸಿನಿಮಾ ನೋಡಿರಬೇಕು. ಅತ್ಯುತ್ತಮ ಕನ್ನಡ ಚಿತ್ರದ ಬಗ್ಗೆ ಹೆಚ್ಚಿನ ವರ್ಷ ಇಲ್ಲಿ ಚರ್ಚೆಯೇ ಇರುವುದಿಲ್ಲ. ಅಭಿನಂದನೆ ಹೇಳುತ್ತೇವೆ, ಅಲ್ಲಿಗೆ ಮುಗಿಯಿತು. ಆಯ್ಕೆ ಸರಿ ಅನ್ನೋಕೂ ಆಗಲ್ಲ, ತಪ್ಪು ಅನ್ನೋಕೂ ಆಗಲ್ಲ. ‘ಅವಾರ್ಡ್ ಸಿನಿಮಾ’ ಅಂತ ಗಾಂಧಿನಗರದಲ್ಲಿ ಒಂದು ಮಾತಿದೆ. ಪ್ರಶಸ್ತಿಗೆ ಅಂತಲೇ ಮಾಡಿದ್ದು, ಜನಕ್ಕಲ್ಲ ಅನ್ನುವ ಅರ್ಥದಲ್ಲಿ ಅದನ್ನು ಬಳಸುತ್ತಾರೆ. ಆ ಮಾತು ಎಷ್ಟೋ ಒಳ್ಳೆಯ ಚಿತ್ರಗಳಿಗೆ ಅನ್ಯಾಯ ಮಾಡಿದೆ. ಅದನ್ನು ಸುಳ್ಳು ಮಾಡಬೇಕಾದರೂ ಜನ ಆ ಚಿತ್ರಗಳನ್ನು ನೋಡಬೇಕು ತಾನೆ?

ತಡ ಆಗುವುದೂ ಇದೇ ಸಮಸ್ಯೆಗೆ ಸೇರಿಕೊಳ್ಳುತ್ತದೆ. 2023ರ ಚಿತ್ರಗಳಿಗೆ ರಾಷ್ಟ್ರಪತಿ ದ್ರೌಪದಿ ಮುರ್ಮು ಪ್ರಶಸ್ತಿ ಕೊಟ್ಟಿದ್ದು 2025ರ ಸೆಪ್ಟೆಂಬರ್ 23ರಂದು. ನಮ್ಮ ರಾಜ್ಯದ್ದು ಇನ್ನೂ ನಿಧಾನ. 2019ನೇ ಸಾಲಿನ ರಾಜ್ಯ ಚಲನಚಿತ್ರ ಪ್ರಶಸ್ತಿಗಳು ಘೋಷಣೆಯಾಗಿದ್ದು 2025ರ ಜನವರಿಯಲ್ಲಿ. ಅಷ್ಟು ಹೊತ್ತಿಗೆ ಸಣ್ಣ ಚಿತ್ರದ ತಂಡ ಚದುರಿಹೋಗಿರುತ್ತದೆ. ಹಾರ್ಡ್‌ಡಿಸ್ಕ್ ಎಲ್ಲಿದೆ ಅಂತ ಹುಡುಕುವ ಸ್ಥಿತಿ. ಪ್ರಶಸ್ತಿ ಬಂದ ವಾರ ಸಿನಿಮಾ ಜನರ ಕೈಗೆ ಸಿಕ್ಕಿದರೆ ಸಾವಿರಾರು ಜನ ನೋಡುತ್ತಾರೆ. ಆರು ತಿಂಗಳ ಮೇಲೆ ಹೆಸರೇ ಮರೆತಿರುತ್ತದೆ.

ಕಷ್ಟದ ಕೆಲಸವೇನಲ್ಲ

ತೋರಿಸಲು ಬೇಕಾದದ್ದೆಲ್ಲ ಸರ್ಕಾರದ ಹತ್ತಿರವೇ ಇದೆ. ಸ್ಪರ್ಧೆಗೆ ಬಂದ ಚಿತ್ರಕ್ಕೆ ಸರ್ಟಿಫಿಕೇಟ್ ಇದೆ, ಸಬ್‌ಟೈಟಲ್ ಇದೆ, ಒಳ್ಳೆಯ ಪ್ರತಿ ಇದೆ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ‘ವೇವ್ಸ್’ ಅಂತ ತನ್ನದೇ ಒಟಿಟಿ ಶುರು ಮಾಡಿದೆ. ದೂರದರ್ಶನ ಚಂದನ ಪ್ರತಿ ಜಿಲ್ಲೆಯಲ್ಲೂ ಬರುತ್ತದೆ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ. ಸಂಗ್ರಹಾಲಯವೂ ಪ್ರಶಸ್ತಿಯ ಕೆಲಸ ನೋಡಿಕೊಳ್ಳುತ್ತಿದ್ದ ಚಲನಚಿತ್ರೋತ್ಸವ ನಿರ್ದೇಶನಾಲಯವೂ ಈಗ ಎನ್‌ಎಫ್‌ಡಿಸಿ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ಎಂಬ ಒಂದೇ ಸೂರಿನಡಿ ಬಂದಿವೆ. ಬೇಕಾಗಿರುವುದು ಪ್ರಶಸ್ತಿ ನಿಯಮದಲ್ಲಿ ಒಂದು ಸಾಲು: ಗೆದ್ದ ಪ್ರತಿ ಭಾಷೆಯ ಚಿತ್ರವನ್ನು, ನಿರ್ಮಾಪಕರು ಒಪ್ಪಿದರೆ, ನ್ಯಾಯವಾದ ದುಡ್ಡು ಕೊಟ್ಟು ಘೋಷಣೆಯಾದ ತಿಂಗಳೊಳಗೆ ಪ್ರಸಾರ ಮಾಡತಕ್ಕದ್ದು. ದೊಡ್ಡ ಒಟಿಟಿಗೆ ಮಾರುವ ಅವಕಾಶ ಇರುವವರು ಬೇಡ ಅನ್ನಲಿ, ಅದು ಅವರ ಹಕ್ಕು. ಅಂಥ ಅವಕಾಶ ಇಲ್ಲದವರೇ ಜಾಸ್ತಿ.

ಕರ್ನಾಟಕವೂ ಕೈ ಜೋಡಿಸಬಹುದು. 2025ರ ಮಾರ್ಚ್‌ನ ರಾಜ್ಯ ಬಜೆಟ್‌ನಲ್ಲಿ ಕನ್ನಡ ಚಿತ್ರಗಳಿಗಾಗಿ ಸರ್ಕಾರದ್ದೇ ಒಟಿಟಿ ಮಾಡುತ್ತೇವೆ ಅಂದರು. ಕನ್ನಡ ಸಿನಿಮಾಗಳ ಭಂಡಾರ ಕಟ್ಟಲು 3 ಕೋಟಿ ರೂಪಾಯಿ ಅಂದರು. ಟಿಕೆಟ್ ದರ 200 ರೂಪಾಯಿಗೆ ಮಿತಿ ಅನ್ನುವುದೂ ಅದೇ ಬಜೆಟ್‌ನದ್ದು. ಆ ಆದೇಶಕ್ಕೆ ಹೈಕೋರ್ಟ್ ತಡೆ ಕೊಟ್ಟಿತು, ಸುದ್ದಿಯೆಲ್ಲ ಅದೇ ಆಯಿತು. ನನಗೆ ಹೆಚ್ಚು ಆಸೆ ಇರುವುದು ಮೊದಲಿನ ಎರಡರ ಮೇಲೆ. ಆ ಒಟಿಟಿಯ ಮೊದಲ ಪುಟದಲ್ಲಿ 1970ರಿಂದ ಇವತ್ತಿನವರೆಗೆ ರಾಷ್ಟ್ರಪ್ರಶಸ್ತಿ ಪಡೆದ ಕನ್ನಡ ಚಿತ್ರಗಳು ಸಾಲಾಗಿ ಇರಬೇಕು. ಪಕ್ಕದಲ್ಲೇ ತುಳು, ಬ್ಯಾರಿ ಚಿತ್ರಗಳೂ ಇರಬೇಕು. ‘ಪಡ್ಡಾಯಿ’, ‘ಪಿಂಗಾರ’, ‘ಜೀಟಿಗೆ’ ಎಲ್ಲವೂ ಅತ್ಯುತ್ತಮ ತುಳು ಚಿತ್ರ ಅಂತ ಗೆದ್ದವು. ಮಂಗಳೂರಿನಿಂದ ಆಚೆ ಇರುವ ನಮ್ಮಲ್ಲಿ ಎಷ್ಟು ಜನ ಅವನ್ನು ನೋಡಿದ್ದೇವೆ?

ಹಳೆಯ ಚಿತ್ರಗಳಿಗೆ ಇನ್ನೊಂದು ಕಷ್ಟ ಇದೆ. ರೀಲು ಹಾಳಾಗುತ್ತದೆ. ‘ಘಟಶ್ರಾದ್ಧ’ದ ಮಟ್ಟಿಗೆ ನಾವು ಪುಣ್ಯವಂತರು. ಪುಣೆಯ ಸಂಗ್ರಹಾಲಯದಲ್ಲಿ ಮೂಲ ನೆಗೆಟಿವ್ ಉಳಿದಿತ್ತು. ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಅವರ ಫಿಲ್ಮ್ ಫೌಂಡೇಶನ್ ಮತ್ತು ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸೇರಿ, ಇಟಲಿಯ ಬೊಲೋನ್ಯದಲ್ಲಿ ಅದನ್ನು ಮತ್ತೆ ಹೊಸದಾಗಿಸಿದರು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದು ಪ್ರದರ್ಶನವಾಯಿತು. ನಲವತ್ತೇಳು ವರ್ಷದ ಹಿಂದಿನ ಕನ್ನಡ ಚಿತ್ರವನ್ನು, ಯಮುನಕ್ಕನನ್ನು, ಆ ಪುಟ್ಟ ನಾಣಿಯನ್ನು ಇಟಲಿಯಲ್ಲಿ ಜನ ಕತ್ತಲಲ್ಲಿ ಕೂತು ನೋಡಿದರು.

ಆ ಸುದ್ದಿಯನ್ನೂ ನಾನು ಅತ್ತೆಗೆ ಹೇಳಿದ್ದೆ. ಅವರಿಗೆ ಆ ಸಿನಿಮಾ ಚೆನ್ನಾಗಿ ನೆನಪಿದೆ. ಮದುವೆಗೆ ಮುಂಚೆ ತೀರ್ಥಹಳ್ಳಿಯಲ್ಲಿ ಒಂದು ಸಲ ನೋಡಿದ್ದಂತೆ. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತ ಯಮುನಕ್ಕನ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದೆ ಅಂತಾರೆ. ಯೂಟ್ಯೂಬ್‌ನಲ್ಲಿ ಒಂದು ಮಸುಕು ಪ್ರತಿ ಹಾಕಿಕೊಟ್ಟಿದ್ದೆ. ಮುಖವೇ ಕಾಣುವುದಿಲ್ಲ ಅಂತ ಹತ್ತು ನಿಮಿಷಕ್ಕೆ ಆಫ್ ಮಾಡಿದ್ದರು.

ಹೋದ ವಾರ ಮತ್ತೆ ಫೋನ್ ಮಾಡಿದಾಗ ಕೊಟ್ಟಿಗೆಯ ಮಾತು, ಮಳೆಯ ಮಾತು ಎಲ್ಲ ಮುಗಿದ ಮೇಲೆ ಕೇಳಿದರು. “ಅದೊಂದು ಕಂದೀಲು ಅಂತ ಹೇಳಿದ್ನಲ್ಲ, ಸಿಕ್ತಾ?”